ಹೊರಗಿನವನ ಹುಲ್ಲುಗಾವಲು

ಕಿಲ್ಮೋರನ್ ಪ್ಯಾರಿಷ್, ಮೇಯೋ
ಜೂನ್ ೧೮೩೮

ಭೂಮಾಪನದ ಕ್ಯಾಪ್ಟನ್ ಹಾರ್ಗ್ರೇವ್ ಅವರ ಸನ್ನಿಧಿಗೆ,

ಸ್ವಾಮಿ,

ಈ ಪ್ಯಾರಿಷ್ಷಿನ ಊರುಗಳ ಹೆಸರನ್ನೆಲ್ಲ ನಕ್ಷೆಯಲ್ಲಿ ಬರೆದದ್ದಾಯಿತು. ಕ್ಲೂನಗಾಲ್ ಒಂದರದ್ದೇ ತಕರಾರು. ಇಲ್ಲಿನವರ ಭಾಷೆಯಲ್ಲಿ ಹೊರಗಿನವನ ಹುಲ್ಲುಗಾವಲು ಎಂದು ಅದರರ್ಥ. ಆ ಹೊರಗಿನವನು ಯಾರೆಂಬ ಕುತೂಹಲ ನನಗೆ. ಕಮ್ಮಾರ ಯಾರೋ ಸಿಪಾಯಿ ಎಂದ. ಪಾದ್ರಿಗಳು ಹಡಗು ಒಡೆದು ದಡ ಸೇರಿದ ನಾವಿಕ ಎಂದರು. ಅಲ್ಲಿನ ಒಕ್ಕಲು, ಮುದುಕಿ ಹೊನೋರಾ ಗೆರಾಟಿ, ನಕ್ಕುಬಿಟ್ಟಳು.

"ನಿನ್ನ ಹಾಗೇ ಏನೇನೋ ಕೇಳ್ಕೊಂಡು ಬಂದೋನು ಕಣಪ್ಪ. ಆಲೂಗಡ್ಡೆ ತಿನ್ನೋಕೆ ಕೂತ, ಏಳಲೇ ಇಲ್ಲ. ನಾವೆಲ್ಲ ಅವನ ವಂಶದೋರೇ."

ಜಮೀನ್ದಾರರ ಏಜೆಂಟರು ಮಾತ್ರ ತಮ್ಮ ಧಣಿಯ ಮಗಳ ಹೆಸರಿನಲ್ಲಿ 'ಷಾರ್ಲೆಟ್ ಪಾರ್ಕ್' ಎಂದು ಬರೆಯಲು ಹೇಳಿದರು. ಇದನ್ನು ಕೇಳಿ ಹೊನೋರಾಳ ನಗು ನಿಂತಿತು.

"ನನ್ನ ಗೇಣಿ ಪತ್ರದಲ್ಲಿರೋದು ಕ್ಲೂನಗಾಲ್. ನಕ್ಷೇಲಿ ಆ ಊರೇ ಇಲ್ಲ ಅಂದ್ರೆ, ನನ್ನ ಮನೆ ಎಲ್ಲಿದೆ ಅಂತ ಕೋರ್ಟಲ್ಲಿ ಹೇಳ್ಲಿ?"

ನಾನು ಕ್ಲೂನಗಾಲ್ ಎಂದೇ ಬರೆದು ನಕ್ಷೆ ಕಳಿಸಿದ್ದೇನೆ. ಏಜೆಂಟರ ದೂರು ಹಿಂದೆಯೇ ಬರುತ್ತದೆ. ನನ್ನ ಮೇಲೆ ಯಾವ ಕ್ರಮ ಕೈಗೊಂಡರೂ ಸರಿ, ಆ ಹೆಸರನ್ನು ಅಳಿಸದಿರಿ.

ಏಜೆಂಟರು ಕೊಟ್ಟಿದ್ದ ಕೋಣೆಯಿಂದ ನನ್ನ ಪೆಟ್ಟಿಗೆ ಬೀದಿಗೆ ಬಂದಿದೆ. ಆದ್ದರಿಂದ ಉತ್ತರವನ್ನು ಹೊನೋರಾ ಗೆರಾಟಿಯವರ ಮನೆ, ಕ್ಲೂನಗಾಲ್, ಈ ವಿಳಾಸಕ್ಕೆ ಕಳಿಸಬೇಕಾಗಿ ವಿನಂತಿ. ಇಲ್ಲಿನ ಅಂಚೆಯವನಿಗೆ ಬೇರೆ ಹೆಸರು ಹೇಳಿದರೆ ತಿಳಿಯುವುದಿಲ್ಲ.

ತಮ್ಮ ವಿಧೇಯ,
ಫೆಲಿಮ್ ಡಾರ್ಸಿ