ಬಾಯ್ಲರ್ ಶೆಡ್ಡಿನ ಕಿವಿ

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ, ಅಮ್ಮನ ತುಂಬು ಪ್ರೀತಿ.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅಳು. ಪಕ್ಕದ ಮನೆಯಾಕೆ ‘ನಿಮ್ಮಪ್ಪ ಕಿವುಡ, ಹುಟ್ಟೋ ಕೂಸಿಗೂ ಹಾಗೇ ಆದ್ರೆ ಏನ್ ಗತಿ’ ಅಂದಳೆಂದು ತುಂಬು ಬಸುರಿ ಊಟ ಬಿಟ್ಟು ಕೂರುವುದೇ? ಆಡುವ ಬಾಯಿಗೆ ಬೀಗ ಹಾಕಲು ಯಾರಿಂದಾದೀತು! ಅಮ್ಮನಾಗಿ ಸಮಾಧಾನ ಹೇಳಬೇಡ, ಜೀವಶಾಸ್ತ್ರದ ಟೀಚರಾಗಿ ನಿಜ ಹೇಳು ಎಂದು ಬರೆದಿದ್ದೀಯ. ಸರಿ, ತೆಪ್ಪಗೆ ಕೂತು ಓದು.

ಸುಮಾರು ಇನ್ನೂರು ವರ್ಷಗಳ ಹಿಂದೆ ಒಬ್ಬ ವಿಜ್ಞಾನಿಯೂ ನಿನ್ನ ಪಕ್ಕದ ಮನೆಯಾಕೆಯ ಹಾಗೇ ಯೋಚಿಸಿದ್ದ. ಬಳಸಿದ ಅಂಗ ಬೆಳೆಯುತ್ತದೆ, ಬಳಸದ್ದು ಸೊರಗುತ್ತದೆ, ಆ ಬದಲಾವಣೆ ಮರಿಗಳಿಗೂ ಇಳಿಯುತ್ತದೆ ಎಂದ. ಎತ್ತರದ ಎಲೆಗೆ ಚಾಚಿ ಚಾಚಿಯೇ ಜಿರಾಫೆಯ ಕತ್ತು ತಲೆಮಾರಿನಿಂದ ತಲೆಮಾರಿಗೆ ಉದ್ದವಾಯಿತಂತೆ. ಕಾರಣ ತಪ್ಪಿರಬಹುದು, ಆದರೆ ಜೀವಿಗಳು ಬದಲಾಗುತ್ತವೆ ಎಂದು ಹೇಳುವುದಕ್ಕೇ ಆಗ ಎದೆಗಾರಿಕೆ ಬೇಕಿತ್ತು. ನಾನು ಈ ಪಾಠ ಮಾಡಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಹಾಗಾದ್ರೆ ಕಿವಿ ಚುಚ್ಚಿಸ್ಕೊಂಡ ಅಮ್ಮಂದಿರ ಮಕ್ಕಳು ತೂತಿನ ಸಮೇತ ಹುಟ್ಬೇಕಿತ್ತಲ್ಲ ಟೀಚರ್’ ಎಂದು ಕೇಳಿ ಇಡೀ ಸಿದ್ಧಾಂತವನ್ನು ಮಲಗಿಸಿಬಿಟ್ಟಳು.

ನಿನ್ನಪ್ಪನದೂ ಅದೇ ಕಥೆ. ಶೆಡ್ಡಿನಲ್ಲಿ ಬಾಯ್ಲರಿನ ಹೊಟ್ಟೆಯೊಳಗೆ ಕೂತು, ಹೊರಗೆ ಸುತ್ತಿಗೆ ಬೀಳುವಾಗ ತಗಡು ಬೆಸೆಯುವ ರಿವೆಟ್ ಮೊಳೆಯನ್ನು ಒಳಗಿನಿಂದ ಹಿಡಿಯುವ ಕೆಲಸ. ಆ ಸದ್ದು ಅವರ ಕಿವಿಯನ್ನು ತಿಂದಿತು, ರಕ್ತವನ್ನಲ್ಲ. ಅದು ನಿನ್ನ ಮಗುವಿನ ತನಕ ಬರುವುದಿಲ್ಲ. ಅವರನ್ನು ಕರೆಯಲು ನಾವು ನೆಲಕ್ಕೆ ಕಾಲು ಬಡಿಯುತ್ತಿದ್ದೆವಲ್ಲ, ನೀನು ಅಳಿಯಂದಿರನ್ನೂ ಹಾಗೇ ಕರೆದು ಕೆಳಗಿನ ಮನೆಯವರು ಜಗಳಕ್ಕೆ ಬಂದರಂತೆ! ಅಂಥದ್ದು ಬೇಕಾದರೆ ನಿನ್ನ ಮಗುವಿಗೂ ಬಂದೀತು, ಅದೂ ನೋಡಿ ಕಲಿತು.

ಈಗ ಎದ್ದು ಹೊಟ್ಟೆ ತುಂಬ ಉಣ್ಣು. ಕಾಗದವನ್ನು ಅಂಚೆಗೆ ಹಾಕಲು ಅಪ್ಪನ ಕೈಗೇ ಕೊಡುತ್ತಿದ್ದೇನೆ.

ನಿನ್ನದೇ ಚಿಂತೆಯಲ್ಲಿರುವ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ. ನಿನ್ನಪ್ಪ ದಾರಿಯಲ್ಲಿ ಓದಿಕೊಂಡು, ಅಂಚೆಪೆಟ್ಟಿಗೆಯ ಹತ್ತಿರ ಹೋದವರು ಹಾಗೇ ವಾಪಸು ಬಂದರು. ಅವರಿಗೊಬ್ಬ ಅಕ್ಕ ಇದ್ದರು, ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡವರು. ಮನೆಯಲ್ಲೇ ಕೂತು ಕೈಹೊಲಿಗೆ ಹಾಕುತ್ತಿದ್ದರಂತೆ. ಸೂಜಿ ಎಷ್ಟು ಸದ್ದು ಮಾಡೀತು? ಅವರ ಕಿವಿಯೂ ಚಿಕ್ಕ ವಯಸ್ಸಿಗೇ ಹೋಗಿತ್ತಂತೆ. ‘ಕಿವಿ ಹೋಗಿದ್ದು ಶೆಡ್ಡಿನಿಂದ ಅಂದ್ರೆ ಯಾರೂ ಮತ್ತೆ ಕೇಳಲ್ಲ, ಅದಕ್ಕೇ ಹಾಗಂದೆ’ ಎಂದು ನಿನ್ನಪ್ಪ ಅತ್ತುಬಿಟ್ಟರು. ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಗೊತ್ತಿರಲಿಲ್ಲ!

ಹಾಗಾಗಿ ಮೇಲೆ ಬರೆದದ್ದನ್ನು ಪೂರ್ತಿ ನಂಬಬೇಡ. ಮಗುವಿಗೆ ಬರಬಹುದು, ಬರದೆಯೂ ಇರಬಹುದು. ನೀನು ನಿಜ ಕೇಳಿದ್ದೆ, ಇಗೋ. ನನಗೂ ಭಯವಾಗಿದೆ ಗುಬ್ಬಿ. ಪಕ್ಕದ ಮನೆಯಾಕೆಗೆ ಮಾತ್ರ ಇದನ್ನು ಹೇಳಬೇಡ. ಹೆರಿಗೆಗೆ ನಾವಿಬ್ಬರೂ ಬರುತ್ತೇವೆ. ನಿನ್ನಪ್ಪ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಾ, ಇಡೀ ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದಾರೆ, ‘ಮಗೂಗೆ ಕೇಳಿಸಿದ್ರೆ ನೀವೆಲ್ಲ ಮಾತಾಡ್ಸಿ. ಕೇಳಿಸ್ದಿದ್ರೆ ಅದಕ್ಕೆ ನಾನಿದೀನಿ.’