ಸಿನಾನ್ ಹಾಕಿದ ಕಪ್ಪು ಮಳೆ

ಉಪ್ಪಿನಂಗಡಿ
ಜನವರಿ 21, 2025

ಪ್ರೀತಿಯ ಸಿನಾನ್‌ನ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ನಿಮ್ಮ ಸೊಂಟನೋವು ಹೇಗಿದೆ? ರಜೆ ಮುಗಿಸಿ ಸೌದಿಗೆ, ನಿಮ್ಮ ಜುಬೈಲಿಗೆ ಹೊರಟಿರುವ ಹೈದರ್ ಕಾಕನ ಕೈಯಲ್ಲಿ ಎಣ್ಣೆ ಕಳಿಸುತ್ತಿದ್ದೇನೆ. ಬಿಸಿ ಮಾಡಿ ಹಚ್ಚಿಕೊಳ್ಳಿ, ಕಪಾಟಿನಲ್ಲಿಟ್ಟು ಮರೆಯಬೇಡಿ. ಜೊತೆಗೆ ಈ ಕಾಗದವನ್ನೂ ಕೊಡುತ್ತಿದ್ದೇನೆ. ಫೋನಿನಲ್ಲಾದರೆ ನನ್ನ ಮಾತು ಮುಗಿಯುವ ಮೊದಲೇ ನಿಮ್ಮದು ಶುರುವಾಗುತ್ತದೆ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು.

ಮೊನ್ನೆ ಕುಟುಂಬದ ಗ್ರೂಪಿಗೆ ಬಂದ ವಿಡಿಯೋ ನೋಡಿ, ‘ಹತ್ತು ಜನರೆದುರು ಮಾನ ತೆಗೆದೆ, ಹೋಗಿ ಕ್ಷಮೆ ಕೇಳು’ ಎಂದಿರಿ. ಆ ವಿಡಿಯೋದಲ್ಲಿ ಇರುವುದು ನಮ್ಮ ಮಗ ಸಿನಾನ್ ನೆಲದ ಮೇಲೆ ಬಿದ್ದು ಕಿರಚುವುದು, ನಾನು ಒಬ್ಬರಿಗೆ ಎದುರುತ್ತರ ಕೊಡುವುದು, ಅಷ್ಟೇ. ಅದಕ್ಕೆ ಮೊದಲು ಆದದ್ದನ್ನು ಯಾರೂ ತೆಗೆದಿಲ್ಲ.

ನರಿಮೊಗರಿನ ಸಭಾಭವನದಲ್ಲಿ ಮಕ್ಕಳ ಚಿತ್ರ ಶಿಬಿರ ಇತ್ತಲ್ಲ, ಸುಳ್ಯ, ಕಡಬದ ಕಡೆಯಿಂದೆಲ್ಲ ಬಂದಿದ್ದರು. ಗಾಲಿಕುರ್ಚಿಯ ಮಕ್ಕಳು, ಕಿವಿ ಕೇಳದವರು, ನಮ್ಮ ಸಿನಾನ್‌ನಂತೆ ಆಟಿಸಂ ಇರುವವರು, ಹಾಗೇ ಇಂಥ ಯಾವ ತೊಂದರೆಯೂ ಇಲ್ಲದವರು. ಇಬ್ಬಿಬ್ಬರಿಗೆ ಒಂದು ದೊಡ್ಡ ಹಾಳೆ, ಕೂಡಿ ಬಿಡಿಸಬೇಕು. ಸಿನಾನ್‌ಗೆ ಜೊತೆಯಾದವಳು ಮರ್ಕಂಜದ ಮೋಕ್ಷಿತಾ, ಐದನೇ ಕ್ಲಾಸಿನ ಹುಡುಗಿ. ಮೊದಲ ದಿನವಿಡೀ ಇವನು ಫ್ಯಾನು ನೋಡುತ್ತಾ ಕೂತ. ಅವಳು ಒತ್ತಾಯ ಮಾಡದೆ ತನ್ನಷ್ಟಕ್ಕೆ ಒಂದು ಬಸ್ಸು ಬಿಡಿಸಿದಳು. ಮರುದಿನ ಇವನು ಬ್ರಶ್ಶನ್ನು ಕಪ್ಪು ಬಣ್ಣದಲ್ಲಿ ಅದ್ದಿ ಆ ಬಸ್ಸಿನ ಮೇಲೆಯೇ ಉದ್ದಕ್ಕೆ ಗೆರೆ ಎಳೆದ. ನಾನು ಗಾಬರಿಯಾಗಿ ಕೈ ಹಿಡಿಯಲು ಹೋದರೆ ಆ ಹುಡುಗಿ, ‘ಬಿಡಿ ಆಂಟಿ, ಮಳೆ ಬರ್ತಾ ಉಂಟು’ ಎಂದು ಬಸ್ಸಿಗೆ ವೈಪರ್ ಬಿಡಿಸಿದಳು. ಇವನು ಇನ್ನಷ್ಟು ಗೆರೆ ಎಳೆದ. ಅವಳು ಕಿಟಕಿಗಳಿಗೆಲ್ಲ ಟರ್ಪಾಲು ಇಳಿಸಿದಳು. ಸಿನಾನ್ ನಕ್ಕುಬಿಟ್ಟ. ಮನೆಯ ಹೊರಗೆ, ಗುರುತಿಲ್ಲದವರ ಪಕ್ಕದಲ್ಲಿ ಅವನು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊನೆಯ ದಿನ ಪ್ರದರ್ಶನ. ನಿಮ್ಮ ಉಮ್ಮನೂ ಮೊಮ್ಮಗನ ಚಿತ್ರ ನೋಡಲು ನನ್ನ ಜೊತೆ ಬಂದಿದ್ದರು. ಅತಿಥಿಗಳು ಬರುವ ಮೊದಲು ಸಂಘಟಕರಾದ ವಿಷ್ಣುಪ್ರಸಾದ್ ಒಂದೊಂದೇ ಚಿತ್ರ ನೋಡುತ್ತಾ ನಮ್ಮಲ್ಲಿಗೆ ಬಂದು, ‘ಬಸ್ಸು ಚಂದ ಉಂಟು. ಈ ಕಪ್ಪು ಎಂತಕ್ಕೆ? ಸ್ವಲ್ಪ ಸರಿ ಮಾಡುವ’ ಎಂದು ಬಿಳಿ ಬಣ್ಣ ತೆಗೆದುಕೊಂಡು ಸಿನಾನ್‌ನ ಗೆರೆಗಳ ಮೇಲೆ ಬಳಿಯತೊಡಗಿದರು. ‘ಅದು ಮಳೆ ಸರ್’ ಎಂದಳು ಮೋಕ್ಷಿತಾ. ಅವರು ಕೇಳಿಸಿಕೊಳ್ಳಲಿಲ್ಲ. ಆಗ ಸಿನಾನ್ ಕಿರಚಿಕೊಂಡು ನೆಲದಲ್ಲಿ ಹರಡಿದ್ದ ಹಾಳೆಯ ಮೇಲೆಯೇ ಮಲಗಿಬಿಟ್ಟ.

‘ಹುಡುಗನನ್ನು ಸ್ವಲ್ಪ ಹೊರಗೆ ಕರ್ಕೊಂಡು ಹೋಗಿಯಮ್ಮ’ ಎಂದರು ವಿಷ್ಣುಪ್ರಸಾದ್. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಈ ಮಾತು ಕೇಳಿದಾಗಲೆಲ್ಲ ನಾನು ತಲೆ ತಗ್ಗಿಸಿ ಅವನನ್ನು ಎತ್ತಿಕೊಂಡು ಹೊರಟವಳು. ಅವತ್ತು ಹೊರಡಲಿಲ್ಲ. ‘ಶಿಬಿರ ಇವನಿಗಾಗಿ ಅಲ್ವಾ? ಇವನು ಯಾಕೆ ಹೋಗುದು? ನೀವು ಬ್ರಶ್ ಕೆಳಗಿಡಿ’ ಎಂದು ಅವನ ಪಕ್ಕ ನೆಲದಲ್ಲಿ ಕೂತೆ. ಮೋಕ್ಷಿತಾಳೂ ಕೂತಳು. ಎಲ್ಲರೂ ನೋಡುತ್ತಿದ್ದರು. ಉಮ್ಮ ಮೊದಲು ನನ್ನ ತೋಳು ಹಿಡಿದು ‘ಏಳು, ಏಳು’ ಎಂದರು. ಆಮೇಲೆ ಏನನ್ನಿಸಿತೋ, ಗಂಟುನೋವಿನ ಕಾಲು ಚಾಚಿ ಅವರೂ ಕೂತು, ‘ಮಕ್ಕಳು ಮಾಡಿದ್ದನ್ನು ನೀವು ಒರಸುದೆಂತಕ್ಕೆ?’ ಎಂದು ವಿಷ್ಣುಪ್ರಸಾದರನ್ನೇ ಕೇಳಿದರು. ವಿಡಿಯೋದಲ್ಲಿ ಇದು ಬರಲಿಲ್ಲ. ಉಮ್ಮನೂ ನಿಮಗೆ ಹೇಳಿರಲಿಕ್ಕಿಲ್ಲ.

ವಿಷ್ಣುಪ್ರಸಾದ್ ಬ್ರಶ್ ಇಟ್ಟು ಹೋದರು. ಸಿನಾನ್ ಸುಮಾರು ಹೊತ್ತು ಅತ್ತು, ಸಮಾಧಾನವಾದ ಮೇಲೆ ಎದ್ದು, ಬಿಳಿ ಬಳಿದ ಕಡೆಯೆಲ್ಲ ಮತ್ತೆ ಕಪ್ಪು ಎಳೆದ. ಹಸಿ ಹಸಿ ಚಿತ್ರವನ್ನೇ ತೂಗುಹಾಕಿದೆವು. ಅತಿಥಿಗಳ ಎದುರು ಅದು ತೊಟ್ಟಿಕ್ಕುತ್ತಲೇ ಇತ್ತು. ಕೆಳಗೆ ಎರಡು ಹೆಸರು, ಒಂದೇ ಗಾತ್ರದ ಅಕ್ಷರದಲ್ಲಿ.

ಚಿತ್ರ ಬಹಳ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಚೆನ್ನಾಗಿರಬೇಕೆಂದೂ ಇಲ್ಲ. ಅದು ಅವನದು. ಕ್ಷಮೆ ನಾನು ಕೇಳುವುದಿಲ್ಲ, ನೀವು ಎಷ್ಟು ಸಲ ಫೋನ್ ಮಾಡಿದರೂ.

ಹೊತ್ತಿಗೆ ಸರಿಯಾಗಿ ಉಣ್ಣಿ. ಉಮ್ಮ ನಿಮಗಾಗಿ ದುಆ ಮಾಡುತ್ತಿದ್ದಾರೆ, ನಾನೂ.

ನಿಮ್ಮ
ಝುಲೈಖಾ

ಇನ್ನೊಂದು ಮಾತು: ಹೈದರ್ ಕಾಕ ಅಂಗಳದಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮುಂದಿನ ಶಿಬಿರ ಸುಳ್ಯದಲ್ಲಿ, ಪೆರ್ನಾಳ್ ಹಬ್ಬ ಮುಗಿದ ಮರುವಾರ. ಆಗ ನೀವು ಊರಲ್ಲೇ ಇರುತ್ತೀರಿ. ಈ ಸಲ ಮಗುವಿನ ಜೊತೆ ಮನೆಯವರೊಬ್ಬರು ನೆಲದಲ್ಲಿ ಕೂತು ಬಣ್ಣ ಹಚ್ಚಬೇಕಂತೆ. ನಿಮ್ಮ ಹೆಸರು ಕೊಟ್ಟಿದ್ದೇನೆ. ಪೇಟೆಗಾಗಲಿ ಮಸೀದಿಗಾಗಲಿ ನೀವು ಅವನ ಕೈ ಹಿಡಿದು ಹೋದವರಲ್ಲ, ಇಲ್ಲಿಗೆ ಹೋಗಲೇಬೇಕು. ಹಳೆಯ ಅಂಗಿ ಹಾಕಿಕೊಳ್ಳಿ, ಆ ಬಣ್ಣ ತೊಳೆದರೂ ಹೋಗುವುದಿಲ್ಲ.