ಎತ್ತಿದ ತುತ್ತು

20 ನವೆಂಬರ್, ಗುರುವಾರ

ಸ್ವರ್ಣಲತಾಳನ್ನು ಮೆಹಂದಿ ಹಾಕಲು ಕರೆದ ಕಲ್ಯಾಣಪುರದ ಮದುವೆಮನೆಯವರು ಕುರ್ಚಿ, ಫ್ಯಾನು, ಎಲ್ಲರೊಂದಿಗೆ ಊಟ ಎಂದಿದ್ದರು. ಕುರ್ಚಿ, ಫ್ಯಾನು ಸಿಕ್ಕಿತು. ಊಟ ಹಿಂಬಾಗಿಲಲ್ಲಿ. ಮೀನು ಮಾರುವವಳ ಮಗಳಲ್ವಾ.

ಮದುಮಗಳು ಸಂಹಿತಾ ಎರಡೂ ಕೈಯಲ್ಲಿ ಹಸಿ ಮೆಹಂದಿ ಇಟ್ಟುಕೊಂಡು ಹಸಿದು ಕೂತಿದ್ದಳಂತೆ; ಇವತ್ತು ಸ್ವರ್ಣಲತಾಳೇ ನನಗೆ ಹೇಳಿದ್ದು. ಸ್ವರ್ಣಲತಾ ಕೈ ತೊಳೆದು ಅವಳ ಬಾಯಿಗೆ ತುತ್ತು ಎತ್ತಿದಳು. "ಅದೆಲ್ಲ ನಿನಗೆ ಎಂತಕ್ಕೆ ಮಾರಾಯ್ತಿ," ಎಂದು ಸಂಹಿತಾಳ ಸೋದರತ್ತೆ ತಟ್ಟೆ ಕಸಿದರು. ಬೆಳಗಿನಿಂದ ಹುಡುಗಿಯ ಅಂಗೈ ಹಿಡಿದಿದ್ದ ಕೈಗೆ ಆಗ ಇಲ್ಲದ ಮೈಲಿಗೆ ಅನ್ನ ಮುಟ್ಟಿದಾಗ ಬಂತು. ಸಂಹಿತಾ ಅತ್ತೆಯ ತುತ್ತಿಗೆ ಬಾಯಿ ತೆರೆದಳಂತೆ. ನಾನು ನೋಡದಿದ್ದರೂ ಎತ್ತಿದ ಆ ಕೈ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

"ಪೇಪರಿಗೆ ಬರೆಯಬೇಡಿ ಅಕ್ಕ, ಮತ್ತೆ ಯಾರೂ ಕರೆಯುವುದಿಲ್ಲ," ಎಂದು ಸ್ವರ್ಣಲತಾ ವರದಿಗಾರ್ತಿಯಾದ ನನ್ನನ್ನು ಬೇಡಿಕೊಂಡಳು. "ಜೊತೆಯಲ್ಲಿ ಊಟ ಹಾಕದ ಮನೆಗೆ ಮೆಹಂದಿಯವರು ಯಾರೂ ಹೋಗದಿದ್ದರೆ?" ಎಂದೆ. "ಉಳಿದ ಮೆಹಂದಿಯವರನ್ನು ನಾನೇ ಕರೆಯುತ್ತೇನೆ," ಎಂದಳು. ಎಲ್ಲರೂ ಸೇರುವುದು ಭಾನುವಾರ ಸಂಜೆ ನಾಲ್ಕಕ್ಕೆ, ಕಾಪುವಿನ ಅವಳ ಮನೆಯಲ್ಲಿ.